ನಾಲ್ಕು ಬೆರಳು ದಯೆ

ಕಂಬಣ್ಣ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ಅವನ ಅತ್ತೆಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗುತ್ತಿತ್ತು. "ದಂಡೆ ಮೇಲಿನ ಬಾರಲ್ಲಿದಾರೆ" ಎಂದಷ್ಟೇ ಹೇಳಿ ಒಳಗೆ ಹೋಗಿಬಿಡುತ್ತಿದ್ದಳು. ಅದೇ ತನ್ನ ಮಗನ ಮಾತು ಬಂದರೆ ಹಾಲು ಉಕ್ಕಿ ಒಲೆ ಆರಿಹೋದರೂ ಆಕೆ ಕದಲುತ್ತಿರಲಿಲ್ಲ. "ನನ್ನ ಮಗ ಮೈಕಿನಲ್ಲಿದಾನೆ" ಎನ್ನುತ್ತಿದ್ದಳು, ಮೈಕು ಒಂದು ಸರ್ಕಾರಿ ಇಲಾಖೆಯೋ ಎಂಬಂತೆ.

ಕಂಬಣ್ಣನ ಕೆಲಸ ಕೋಲು ಹಿಡಿಯುವುದು. ಆ ದ್ವೀಪಕ್ಕೆ ರಜೆ ಕಳೆಯಲು ಬರುವವರು ಹಗಲೆಲ್ಲ ಮರಳ ಮೇಲೆ ರೊಟ್ಟಿಯಂತೆ ಎರಡೂ ಮಗ್ಗುಲು ಬೇಯಿಸಿಕೊಂಡು, ಬಿಸಿಲು ಇಳಿಯುವ ಹೊತ್ತಿಗೆ ಸ್ನಾನ ಮಾಡಿ, ಹೂವಿನ ಚಿತ್ರದ ಅಂಗಿ ತೊಟ್ಟು ದಂಡೆಯ ಬಾರುಗಳಿಗೆ ಬರುತ್ತಾರೆ. ಮೊದಲ ಗ್ಲಾಸಿಗೆ ಸಮುದ್ರ ನೋಡುತ್ತಾರೆ. ಎರಡನೆಯದಕ್ಕೆ ಗ್ಲಾಸಿನಲ್ಲಿ ಚುಚ್ಚಿದ ಕಾಗದದ ಕೊಡೆಯನ್ನು ಬಿಚ್ಚಿ ಮುಚ್ಚಿ ಮಾಡುತ್ತಾರೆ. ಮೂರನೆಯದಕ್ಕೆ ತಮಗೊಂದು ಸೊಂಟವಿದೆ ಎಂಬುದು ನೆನಪಾಗುತ್ತದೆ. ಸರಿಯಾಗಿ ಆಗ ಡೋಲು ಶುರುವಾಗಿ, ಇಬ್ಬರು ಬಿದಿರಿನ ಕೋಲೊಂದನ್ನು ಅಡ್ಡ ಹಿಡಿದು ನಿಲ್ಲುತ್ತಾರೆ. ಲಿಂಬೊ ಆಟ. ಕೋಲಿಗೆ ಎದೆ ತಾಗದಂತೆ, ಕೈ ನೆಲಕ್ಕೆ ಊರದಂತೆ, ಹಿಂದಕ್ಕೆ ಬಾಗಿ ಕುಣಿಯುತ್ತ ಅದರಡಿ ದಾಟಬೇಕು. ದಾಟಿದಂತೆಲ್ಲ ಕೋಲು ಇಳಿಯುತ್ತದೆ: ಕತ್ತಿಗೆ, ಎದೆಗೆ, ಸೊಂಟಕ್ಕೆ, ತೊಡೆಗೆ. ಸೊಂಟವಿರುವುದು ಬೆಲ್ಟು ಕಟ್ಟಲಿಕ್ಕೆ ಎಂದು ನಂಬಿ ಬದುಕಿದ ನಮ್ಮಂಥವರಿಗೆ ನೋಡಿದರೇ ಬೆನ್ನು ಹಿಡಿದುಕೊಳ್ಳುತ್ತದೆ.

ಕೋಲಿನ ಒಂದು ತುದಿ ಕಂಬಣ್ಣನ ಕೈಯಲ್ಲಿ, ಇನ್ನೊಂದು ಅವನ ಹೆಂಡತಿಯ ಕೈಯಲ್ಲಿ. ನಡುವೆ ಮೈಕು ಹಿಡಿದು ಜನರನ್ನು ಕರೆಯುವವನು, ಕೆಣಕುವವನು, ನಗಿಸುವವನು ಅವಳ ತಮ್ಮ. ಕಂಬ ಎಂದು ಹೆಸರಿಟ್ಟವನೂ ಅವನೇ. "ಈ ಕಡೆ ನಿಂತಿರೋದು ಕಂಬ ಅಲ್ಲ ಸ್ವಾಮಿ, ನಮ್ಮ ಭಾವ. ಬೇಕಾದ್ರೆ ಮೂಗಿನ ಹತ್ರ ಕೈ ಇಟ್ಟು ನೋಡಿ, ಉಸಿರಾಡ್ತಾರೆ!" ಎಂದು ಒಂದು ಸಂಜೆ ಮೈಕಿನಲ್ಲಿ ಹೇಳಿದ್ದೇ ತಡ, ಮಾರನೆಯ ದಿನದಿಂದ ತರಕಾರಿಯವಳು, ಕ್ಷೌರದವನು, ದೋಣಿಯ ಟಿಕೆಟಿನವನು, ಎಲ್ಲರ ಬಾಯಲ್ಲೂ ಅವನು ಕಂಬಣ್ಣನಾದ. 'ಅಣ್ಣ' ಸೇರಿಸಿದ್ದು ಅವರವರ ಸೌಜನ್ಯ.

ಸಂಕಟವೆಂದರೆ ಮೈಕು ಮೊದಲು ಕಂಬಣ್ಣನದೇ ಆಗಿತ್ತು. ಆಗ ಕೋಲಿನ ಈ ತುದಿ ಹಿಡಿಯುತ್ತಿದ್ದವನು ಪಾನೀಯ ಬೆರೆಸುವ ಬಾರಿನವನು. ಭಾಮೈದ ಹಿತ್ತಲಿನಿಂದ ಐಸು ಹೊತ್ತು ತರುತ್ತಿದ್ದ. ಒಂದು ಸಲ, ಜನ ಕಿಕ್ಕಿರಿದ ದಿನಗಳಲ್ಲೇ ಕಂಬಣ್ಣನ ಗಂಟಲು ಕಟ್ಟಿಕೊಂಡಿತು. "ಭಾವ, ಗಂಟಲು ಸರಿ ಹೋಗೋ ತನಕ ಇದನ್ನ ನಾನು ನೋಡ್ಕೋತೀನಿ. ನೀವು ಸುಮ್ನೆ ಕೋಲು ಹಿಡ್ಕೊಂಡು ರೆಸ್ಟ್ ತಗೊಳ್ಳಿ" ಎಂದ ಭಾಮೈದ. ಗಂಟಲು ವಾಪಸು ಬಂತು, ಮೈಕು ಬರಲಿಲ್ಲ. ಬಾರಿನ ಮಾಲೀಕರಿಗೆ ಹೊಸ ಹುಡುಗನ ಚುರುಕು ಹಿಡಿಸಿತ್ತು. ಕಂಬಣ್ಣ ಹೆತ್ತು ಸಾಕಿದ ಜೋಕುಗಳೆಲ್ಲ ದಿನಾ ಸಂಜೆ ಭಾಮೈದನ ಬಾಯಿಂದ ಹೊರಬಂದು, ಅವನ ಕಣ್ಣೆದುರೇ ಚಪ್ಪಾಳೆ ಗಿಟ್ಟಿಸುತ್ತಿದ್ದವು. ಸ್ವಂತ ಮಕ್ಕಳು ಪಕ್ಕದ ಮನೆಯವನನ್ನು ಅಪ್ಪಾ ಎಂದು ಕರೆಯುವುದನ್ನು ನಿಂತು ಕೇಳಿದ ಹಾಗೆ.

ಅಂದಿನಿಂದ ಅವನ ಹೊಟ್ಟೆಯಲ್ಲಿ ಒಂದು ಕೆಂಡ ಕೂತಿತು. ಹೊರಗೆ ಕಂಬ, ಒಳಗೆ ಒಲೆ. ಮನಸ್ಸಿನಲ್ಲಿ ಅವನು ಭಾಮೈದನನ್ನು ದೋಣಿ ಕಟ್ಟೆಯಿಂದ ಸಮುದ್ರಕ್ಕೆ ತಳ್ಳಿದ್ದಕ್ಕೆ ಲೆಕ್ಕವಿಲ್ಲ. ಆದರೆ ಆ ಪ್ರಾಣಿ ಕಲ್ಪನೆಯಲ್ಲೂ ಈಜಿಕೊಂಡು ದಡಕ್ಕೆ ಬಂದು, ಒದ್ದೆ ಬಟ್ಟೆಯಲ್ಲೇ ಮೈಕು ಹಿಡಿದು, ಅದನ್ನೂ ಒಂದು ಜೋಕು ಮಾಡಿ ಜನರನ್ನು ನಗಿಸಿಬಿಡುತ್ತಿತ್ತು.

ಕೋಲು ಹಿಡಿಯುವುದು ಮರದ ಕೊಂಬೆಯೂ ಮಾಡುವ ಕೆಲಸ ಎಂದು ನೀವು ತಿಳಿದರೆ ಅದು ನಿಮ್ಮ ತಪ್ಪಲ್ಲ, ಎಲ್ಲರೂ ಹಾಗೆಯೇ ತಿಳಿಯುತ್ತಾರೆ. ಆ ಕೆಲಸದ ಜೀವವಿರುವುದು 'ದಯೆ'ಯಲ್ಲಿ. ಹಿಂದಕ್ಕೆ ಬಾಗಿದವನಿಗೆ ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ನೋಡುವವರ ಕಣ್ಣು ಬಾಗಿದವನ ಹೊಟ್ಟೆಯ ಮೇಲೆ. ಕೋಲನ್ನು ನೋಡುವವರು ಲೋಕದಲ್ಲಿ ಯಾರೂ ಇಲ್ಲ. ಆ ಒಂದು ಗಳಿಗೆಯಲ್ಲಿ ಹಿಡಿದವರಿಬ್ಬರೂ ಮಣಿಕಟ್ಟು ತಿರುಗಿಸಿ ಕೋಲನ್ನು ಸದ್ದಿಲ್ಲದೆ ಮೇಲೆತ್ತಬೇಕು. ಅವನು ದಾಟಿದ ಮೇಲೆ ಅಷ್ಟೇ ಸದ್ದಿಲ್ಲದೆ ಇಳಿಸಬೇಕು. ಹೊಸದಾಗಿ ಮದುವೆಯಾಗಿ ಬಂದವಳಿಗೆ ಎರಡು ಬೆರಳು ದಯೆ. ವರ್ಷವೆಲ್ಲ ಕುರ್ಚಿಯಲ್ಲಿ ಕೂತು ಹೊಟ್ಟೆ ಬೆಳೆಸಿದ ಗುಮಾಸ್ತನಿಗೆ ನಾಲ್ಕು. ತೀರಾ ಕುಡಿದವನಿಗೆ ದಯೆಯಿಲ್ಲ, ಅವನು ಕೋಲಿಲ್ಲದಿದ್ದರೂ ಬೀಳುವವನು. ಎಷ್ಟು ಬೆರಳು ಎಂಬುದನ್ನು ತೀರ್ಮಾನಿಸುತ್ತಿದ್ದವಳು ಕಂಬಣ್ಣನ ಹೆಂಡತಿ. ಒಂದು ಹುಬ್ಬು ಏರಿಸಿದರೆ ಎರಡು ಬೆರಳು, ಎರಡೂ ಏರಿಸಿದರೆ ನಾಲ್ಕು. ರಜೆಗೆ ಬಂದವರು ತಮ್ಮ ಬೆನ್ನು ಇನ್ನೂ ಎಳೆಯದೆಂದು ನಂಬಿ, ಬಾರಿಗೆ ಹೋಗಿ, ಆ ನಂಬಿಕೆಯ ಮೇಲೆ ಇನ್ನೂ ಎರಡು ಗ್ಲಾಸು ಕುಡಿಯುತ್ತಿದ್ದರು.

ಕಂಬಣ್ಣನಿಗೆ ಈ ದಯೆಯ ವಿಷಯ ಗೊತ್ತಾದದ್ದು ಕೋಲು ಹಿಡಿದ ಮೊದಲ ಸಂಜೆ. ಹೆಂಡತಿ ಎದುರು ತುದಿಯಿಂದ ಎರಡೂ ಹುಬ್ಬು ಏರಿಸಿದಾಗ ಇವಳ ಕಣ್ಣಿಗೆ ಮರಳು ಬಿತ್ತೇನೋ ಅಂದುಕೊಂಡ. ಅವಳು ಬಿಡಿಸಿ ಹೇಳಿದ ಮೇಲೆ ಅವನ ಮುಖ ಸಣ್ಣದಾಯಿತು. ಏಕೆಂದರೆ ಮೈಕು ಅವನದಾಗಿದ್ದ ಕಾಲದಲ್ಲಿ ಅವನೂ ದಿನಾ ಕೊನೆಗೆ ಒಂದು ಸಲ ಸೊಂಟದೆತ್ತರದ ಕೋಲಿನಡಿ ದಾಟಿ, ಬೆವರು ಒರೆಸಿಕೊಳ್ಳುತ್ತ, "ಇದು ಹುಟ್ಟಿನಿಂದ ಬಂದದ್ದು" ಎಂದು ಜಂಬ ಕೊಚ್ಚುತ್ತಿದ್ದ.

"ನನಗೂ ಎತ್ತುತಾ ಇದ್ದ್ಯಾ?" ಎಂದು ಕೇಳಿದ್ದ.

"ಹಳೇದೆಲ್ಲ ಯಾಕೆ ಕೆದಕ್ತೀರಿ" ಎಂದಿದ್ದಳು ಅವಳು.

ಭಾಮೈದ ಮಾತ್ರ ಐಸಿನಿಂದ ನೇರವಾಗಿ ಮೈಕಿಗೆ ಜಿಗಿದವನು, ನಡುವೆ ಕೋಲು ಹಿಡಿಯಲೇ ಇಲ್ಲ. ಅವನಿಗೆ ಗೊತ್ತೇ ಇರಲಿಲ್ಲ. ಅವನು ಭಾವನನ್ನು ಮೀರಿಸಬೇಕೆಂದು ಮೊಣಕಾಲೆತ್ತರಕ್ಕೆ ಕೋಲು ಇಳಿಸಲು ಹೇಳಿ, ಕೈಯಲ್ಲಿ ಮೈಕು ಹಿಡಿದೇ ಅದರಡಿ ದಾಟುತ್ತಿದ್ದ. ಅಕ್ಕ ದಿನಾ ಎರಡು ಹುಬ್ಬನ್ನೂ ಹಣೆಯ ಕೂದಲಿಗೆ ಮುಟ್ಟಿಸುತ್ತಿದ್ದಳು. "ಪಾಪ, ಚಿಕ್ಕವನು" ಎನ್ನುತ್ತಿದ್ದಳು. ಕಂಬಣ್ಣ ಹಲ್ಲು ಕಡಿಯುತ್ತ, ತನ್ನ ಶತ್ರುವಿಗೆ ತನ್ನ ಕೈಯಾರೆ ನಾಲ್ಕು ಬೆರಳು ದಯೆ ಅಳೆದು ಕೊಡುತ್ತಿದ್ದ. ಇಂಥ ಶಿಕ್ಷೆ ಯಾವ ಕೋರ್ಟೂ ಕೊಟ್ಟಿರಲಿಕ್ಕಿಲ್ಲ. ಭಾಮೈದನೋ, ಎದ್ದು ನಿಂತು, ಮರಳು ಕೂಡ ಅಂಟದ ಬೆನ್ನನ್ನು ಜನರತ್ತ ತಿರುಗಿಸಿ, "ಮೂಳೆ ಅಲ್ಲ ಸ್ವಾಮಿ ಇದು, ಬೆಣ್ಣೆ!" ಎನ್ನುತ್ತಿದ್ದ.

ಅಷ್ಟಕ್ಕೇ ನಿಂತಿದ್ದರೆ ಕಂಬಣ್ಣ ಆ ಕೆಂಡವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮುದುಕನಾಗುತ್ತಿದ್ದನೇನೋ. ಆದರೆ ಒಂದು ಬೆಳಿಗ್ಗೆ ಬಾರಿನವನು ಗ್ಲಾಸು ಒರೆಸುತ್ತ, ಆಚೀಚೆ ನೋಡಿ, ದನಿ ತಗ್ಗಿಸಿದ.

"ಕಂಬಣ್ಣ, ನಿನ್ನ ಭಾಮೈದ ಮಾಲೀಕರ ಕಿವಿ ಕಚ್ಚಿದಾನೆ. ಕಬ್ಬಿಣದ ಎರಡು ಸ್ಟ್ಯಾಂಡ್ ಮಾಡಿಸ್ತಾರಂತೆ. ಕೊಕ್ಕೆ ಇರುತ್ತಂತೆ, ಕೋಲು ಅದರ ಮೇಲೆ ಕೂರುತ್ತಂತೆ. ಹಿಡಿಯೋರು ಬೇಡವಂತೆ."

"ಹಿಡಿಯೋರು?"

"ಹಿತ್ತಲಲ್ಲಿ ಗ್ಲಾಸು ತೊಳೀಬೇಕಂತೆ."

ಕಂಬಣ್ಣ ಒಂದು ಗಳಿಗೆ ನಿಜವಾಗಿಯೂ ಕಂಬವಾದ. ಹಿತ್ತಲೆಂದರೆ ಖಾಲಿ ಬಾಟಲಿಗಳ ಪೆಟ್ಟಿಗೆಗಳ ನಡುವೆ ಒಂದು ತೊಟ್ಟಿ, ಒಂದು ನಲ್ಲಿ, ಎದುರಿಗೆ ಗೋಡೆ. ಸಮುದ್ರವಿಲ್ಲ, ಡೋಲಿಲ್ಲ, ಜನರಿಲ್ಲ. ಮೈಕು ಹೋದ ಮೇಲೂ ಅವನಿಗೆ ಉಳಿದಿದ್ದುದು ಆ ಒಂದು ಜಾಗ: ಸಂಜೆಯ ಬೆಳಕಿನಲ್ಲಿ, ಜನರ ನಡುವೆ, ಕೋಲಿನ ಒಂದು ತುದಿ. ಅದನ್ನೂ ಕಿತ್ತುಕೊಳ್ಳುವುದೆಂದರೆ!

"ಅವನನ್ನ ಮಣ್ಣು ಮುಕ್ಕಿಸ್ತೀನಿ" ಎಂದ.

"ಮರಳು ಅನ್ನು" ಎಂದ ಬಾರಿನವನು. "ನೀನೇನೂ ಮಾಡೋದು ಬೇಡ ಕಣೋ. ದಯೆ ವಿಷಯ ನನಗೆ ಗೊತ್ತಿಲ್ವಾ? ಸ್ಟ್ಯಾಂಡ್ ಬರಲಿ, ಸುಮ್ನೆ ನಿಂತು ನೋಡು. ಕಬ್ಬಿಣ ಹುಬ್ಬು ಏರಿಸುತ್ತಾ? ಮೊದಲನೇ ದಿನಾನೇ ಅಂಗಾತ ಬೀಳ್ತಾನೆ."

"ಅದು ಸ್ಟ್ಯಾಂಡಿನ ಸೇಡಾಗುತ್ತೆ" ಎಂದ ಕಂಬಣ್ಣ. "ನನ್ನದಾಗಲ್ಲ."

ಸೇಡು ಕೈಗೆಟುಕುವಷ್ಟು ಹತ್ತಿರವಿತ್ತು. ಏನೂ ಮಾಡದೆ ಸುಮ್ಮನಿದ್ದರಾಯಿತು, ಕೋಲನ್ನು ಎತ್ತದಿದ್ದರಾಯಿತು. ಲೋಕದಲ್ಲಿ ಇಷ್ಟು ಸುಲಭದ ಸೇಡು ಇನ್ನೊಂದಿರಲಾರದು. ಆದರೆ ಕೋಲಿಗೆ ಎರಡು ತುದಿ. ಅವನೊಬ್ಬ ಎತ್ತದೆ ಅವಳೊಬ್ಬಳು ಎತ್ತಿದರೆ ಕೋಲು ತಕ್ಕಡಿಯಂತೆ ಓರೆಯಾಗಿ, ಕುಡಿದವನಿಗೂ ಕಾಣುತ್ತದೆ.

ಮಾರನೆಯ ಬೆಳಿಗ್ಗೆ ಹೆಂಡತಿ ಕೋಣೆಯ ಬಾಗಿಲಲ್ಲಿ ಕೂತು ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಲಾಂಡ್ರಿಯ ಹಿಂದಿನ ಒಂದೇ ಕೋಣೆಯ ಮನೆ. ಗೋಡೆಯಾಚೆ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಯಂತ್ರಗಳು ಹಗಲಿಡೀ ಗುರ್ರೆನ್ನುತ್ತಿದ್ದವು. ಗುಟ್ಟು ಮಾತಾಡಲು ಒಳ್ಳೆಯ ಜಾಗ, ಗುಟ್ಟನ್ನು ಕಿರುಚಿ ಹೇಳಬೇಕಾಗುತ್ತಿತ್ತು ಅಷ್ಟೆ.

ಕಂಬಣ್ಣ ಮೊದಲು ಹವಾಮಾನದ ಮಾತಾಡಿದ. ಆಮೇಲೆ ತನ್ನ ಮಣಿಕಟ್ಟು ನೋವಿನ ವಿಷಯ ತೆಗೆದ. ಇತ್ತೀಚೆಗೆ ಕೋಲು ಮೊದಲಿಗಿಂತ ಭಾರವಾದಂತೆ ಕಾಣುತ್ತದೆ ಎಂದ.

"ವಿಷಯಕ್ಕೆ ಬನ್ನಿ" ಎಂದಳು ಅವಳು, ದಾರ ಕಚ್ಚುತ್ತ.

"ಇವತ್ತು ನಿನ್ನ ತಮ್ಮನಿಗೆ ಎತ್ತೋದು ಬೇಡ."

ಸೂಜಿ ನಿಂತಿತು. "ಬೀಳ್ತಾನಲ್ರೀ."

"ಬೀಳಲಿ ಅಂತಾನೇ."

"ಅವನು ನನ್ನ ತಮ್ಮ ಕಣ್ರೀ. ಸೊಂಟ ಮುರೀತು ಅಂದ್ರೆ ಅಮ್ಮನಿಗೆ ಏನು ಹೇಳ್ಲಿ?"

"ಕೆಳಗೆ ಮರಳಿದೆ, ಕಲ್ಲು ಚಪ್ಪಡಿ ಅಲ್ಲ. ಸ್ಟ್ಯಾಂಡಿನ ವಿಷಯ ಕೇಳಿದ್ಯಾ ಇಲ್ವಾ? ನಮ್ಮಿಬ್ಬರನ್ನೂ ಹಿತ್ತಲಿಗೆ ಅಟ್ತಿದಾನೆ."

"ನಿಮ್ಮನ್ನ" ಎಂದಳು ಅವಳು. "ನನ್ನನ್ನಲ್ಲ. ನಿನ್ನೇನೇ ಬಂದು ಹೇಳಿದ. 'ಅಕ್ಕಾ, ನಿನ್ನ ಬಿಡ್ತೀನಾ, ನನ್ನ ಪಕ್ಕದಲ್ಲೇ ನಿಲ್ಲಿಸ್ಕೋತೀನಿ' ಅಂದ."

"ನನ್ನನ್ನ?"

"ಭಾವನಿಗೂ ವಯಸ್ಸಾಯ್ತಲ್ಲ ಅಂದ."

ಕಂಬಣ್ಣ ಹರಳೆಣ್ಣೆ ಕುಡಿದವನಂತೆ ಮುಖ ಮಾಡಿಕೊಂಡು ಎದ್ದು ಹೋದ. ಗುಂಡಿ ಅರ್ಧ ಹೊಲಿದ ಅಂಗಿ ಅವಳ ತೊಡೆಯ ಮೇಲೆ ಹಾಗೇ ಉಳಿಯಿತು. ಶತ್ರು ಎದುರಿಗೊಬ್ಬ ಸಾಲದೆಂದು ಕೋಲಿನ ಆ ತುದಿಗೂ ಒಬ್ಬಳು! ಆ ದಿನವೆಲ್ಲ ಅವನು ದಂಡೆಯಲ್ಲಿ ಅಡ್ಡಾಡುತ್ತ, ಕಾಣದ ಕೋಲೊಂದನ್ನು ಗಟ್ಟಿಯಾಗಿ ಹಿಡಿದು ಮಣಿಕಟ್ಟು ಅಲುಗಾಡದಂತೆ ಅಭ್ಯಾಸ ಮಾಡಿದ. ಓರೆಯಾದರೆ ಆಗಲಿ. ಜಗತ್ತಿಗೆಲ್ಲ ಕಾಣಲಿ. ತಾನಂತೂ ಎತ್ತುವುದಿಲ್ಲ.

ಸಂಜೆ ಬಾರು ತುಂಬಿ ತುಳುಕುತ್ತಿತ್ತು. ಆವತ್ತು ದೊಡ್ಡ ಹಡಗೊಂದು ಜನರನ್ನು ತಂದು ಸುರಿದಿತ್ತು. ಹಳದಿ ದೀಪದ ಸರಗಳ ಕೆಳಗೆ ಬಾರಿನವನು ಎರಡು ಕೈಗೆ ಬದಲು ನಾಲ್ಕಿದ್ದವನಂತೆ ಪಾನೀಯ ಕುಲುಕುತ್ತಿದ್ದ. ಮಾಲೀಕರು ಮೇಜಿನಿಂದ ಮೇಜಿಗೆ ಹೋಗಿ ಎಲ್ಲರಿಗೂ ತಮ್ಮ ಒಂದೇ ನಗುವನ್ನು ಹಂಚುತ್ತಿದ್ದರು. ಆಟ ಶುರುವಾಯಿತು. ಗುಮಾಸ್ತರು, ಮದುಮಕ್ಕಳು, ಒಬ್ಬ ದಪ್ಪ ಡಾಕ್ಟರು, ಅವರ ಅತ್ತೆ, ಎಲ್ಲರೂ ಯಥಾಯೋಗ್ಯ ದಯೆ ಪಡೆದು ದಾಟಿದರು. ಕೊನೆಗೆ ಭಾಮೈದ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕೋಲನ್ನು ಮೊಣಕಾಲಿಗೆ ಇಳಿಸಿ ಎಂದು ಸನ್ನೆ ಮಾಡಿದ. ಗಂಡ ಹೆಂಡತಿ ಇಬ್ಬರೂ ಮರಳ ಮೇಲೆ ಒಂದು ಮಂಡಿಯೂರಿದರು.

"ಮಹನೀಯರೇ, ಮಹಿಳೆಯರೇ! ಈ ಎರಡು ಕಂಬಗಳನ್ನ ಕಣ್ತುಂಬ ನೋಡ್ಕೊಳ್ಳಿ. ಮುಂದಿನ ವಾರದಿಂದ ಕಬ್ಬಿಣದ್ದು ಬರುತ್ತೆ. ಅವು ಊಟ ಕೇಳಲ್ಲ, ಮುಖ ಊದಿಸ್ಕೊಳ್ಳಲ್ಲ!" ಜನ ನಕ್ಕರು. "ಭಾವ ಹಿತ್ತಲಲ್ಲಿ ಗ್ಲಾಸು ತೊಳೀತಾರೆ. ನಮ್ಮಕ್ಕ ಒರೆಸ್ತಾಳೆ. ನಿಮ್ಮ ಗ್ಲಾಸಿನಲ್ಲಿ ಲಿಪ್‌ಸ್ಟಿಕ್ ಕಲೆ ಉಳಿದಿದ್ರೆ ದೂರು ಅವಳಿಗೆ ಕೊಡಿ. ಅವಳು ಬಾಯಿ ಬಿಡಲ್ಲ, ಹುಟ್ಟಿದಾಗಿಂದ ಅವಳು ಮಾತಾಡಿದ್ದನ್ನ ನಾನೇ ಕೇಳಿಲ್ಲ!"

ಜನ ಇನ್ನೂ ಜೋರಾಗಿ ನಕ್ಕರು. ಕಂಬಣ್ಣ ಎದುರಿಗೆ ನೋಡಿದ. ಹೆಂಡತಿಯ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಹೊಲಿಗೆ ಮುಗಿಸಿ ದಾರ ಕಡಿಯುವಾಗ ಇರುವಂಥ ಒಂದು ನೆಮ್ಮದಿ ಇತ್ತು. ಅವಳು ಗಂಡನನ್ನೇ ದಿಟ್ಟಿಸಿ, ಎರಡೂ ಹುಬ್ಬುಗಳನ್ನು ನಿಧಾನವಾಗಿ ಕೆಳಕ್ಕೆ ಇಳಿಸಿದಳು.

ಕೆಳಕ್ಕೆ! ಅಂಥ ಸನ್ನೆ ಅವರ ಕಸುಬಿನಲ್ಲೇ ಇರಲಿಲ್ಲ.

ಡೋಲು ಏರಿತು. ಭಾಮೈದ ಮೈಕನ್ನು ಎದೆಗವಚಿಕೊಂಡು, ಹಿಂದಕ್ಕೆ ಬಾಗಿ, ಆಕಾಶ ನೋಡುತ್ತ, ಪುಟ್ಟ ಪುಟ್ಟ ಹೆಜ್ಜೆಯಿಟ್ಟು ಒಳಗೆ ಬಂದ. ಮೊಣಕಾಲು ದಾಟಿತು, ತೊಡೆ ದಾಟಿತು, ಹೊಟ್ಟೆ ಬಂತು. ಆಗ ಕಂಬಣ್ಣನಿಗೆ ಒಂದು ಭಯಂಕರ ವಿಷಯ ತಿಳಿಯಿತು: ಅವನ ಮಣಿಕಟ್ಟು ತಾನಾಗಿ ತಿರುಗುತ್ತಿತ್ತು. ವರ್ಷಗಟ್ಟಲೆ ಎತ್ತಿ ಎತ್ತಿ ಪಳಗಿದ ಕೈಗೆ ಯಜಮಾನನ ದ್ವೇಷದ ಸುದ್ದಿಯೇ ಮುಟ್ಟಿರಲಿಲ್ಲ. ಅವನ ತುದಿ ಒಂದು ಬೆರಳು ಎದ್ದಿತು, ಎರಡು ಬೆರಳು ಎದ್ದಿತು. ಕೋಲು ಓರೆಯಾಗತೊಡಗಿತು. ಎದುರಿನಿಂದ ಹೆಂಡತಿ ಹಲ್ಲುಗಳ ನಡುವಿನಿಂದ, "ರೀ!" ಎಂದಳು.

ಆ ಒಂದು ಅಕ್ಷರಕ್ಕೆ ಕಂಬಣ್ಣನ ಕೈ ಬೆಚ್ಚಿ ಕೆಳಗಿಳಿಯಿತು. ಕೋಲು ಭಾಮೈದನ ಎದೆಗೆ ಅಡ್ಡ ಸಿಕ್ಕಿತು. ಅವನು ಗಾಳಿಯಲ್ಲಿ ಎರಡು ಸಲ ಈಜಿ, ಧೊಪ್ಪೆಂದು ಮರಳ ಮೇಲೆ ಅಂಗಾತ ಬಿದ್ದ. ಮೈಕು ಉರುಳಿ ಒಂದು ಗೊರಕೆ ಹೊಡೆದು ಸುಮ್ಮನಾಯಿತು.

ಎಂಥ ದೃಶ್ಯ! ಕಾಲು ಎರಡು ದಿಕ್ಕಿಗೆ, ಬಾಯಿ ಆಕಾಶಕ್ಕೆ, ಬೆಣ್ಣೆಯ ಬೆನ್ನು ಮರಳಿಗೆ. ಕಂಬಣ್ಣ ಅದನ್ನು ಕಣ್ಣಿನಿಂದ ನೆಕ್ಕಿ ನೆಕ್ಕಿ ಸವಿದ. ಹೊಟ್ಟೆಯ ಕೆಂಡ ತಣ್ಣಗಾಗಿ, ಕಾಲಿನ ಹೆಬ್ಬೆರಳ ತನಕ ತಂಪು ಇಳಿಯಿತು.

"ಕೋಲು... ಕೋಲು ಇಳೀತು..." ಎಂದು ಭಾಮೈದ ಉಸಿರಿಲ್ಲದೆ ಗೊಣಗಿದ. ಬಿದ್ದವರೆಲ್ಲ ಹೇಳುವ ಮಾತೇ ಅದು ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಜನ ಎದ್ದು ನಿಂತಿದ್ದರು. ನಗಬೇಕೋ ಬೇಡವೋ ಅವರಿಗೆ ಗೊತ್ತಾಗುತ್ತಿರಲಿಲ್ಲ. ಮಾಲೀಕರ ಮುಖದಿಂದ ಆ ಒಂದೇ ನಗುವೂ ಹೊರಟುಹೋಗಿತ್ತು. "ಯಾರಾದ್ರೂ ಏನಾದ್ರೂ ಮಾತಾಡ್ರೋ!" ಎಂದರು.

ಕಂಬಣ್ಣ ಇದೇ ಗಳಿಗೆಗಾಗಿ ಬದುಕಿದ್ದ. ಮೈಕು ಅವನ ಕಾಲಿನಿಂದ ಒಂದು ಮಾರು ದೂರದಲ್ಲಿತ್ತು. ಮಾತು ಗಂಟಲಿನ ತನಕ ಬಂದು ನಿಂತಿತ್ತು. ಆದರೆ ಕೋಲಿನಡಿ ಒಬ್ಬ ಇರುವ ತನಕ ಹಿಡಿದವನು ಕೋಲು ಬಿಡುವಂತಿಲ್ಲ. ಅದು ಆ ಕಸುಬಿನ ಮೊದಲ ನಿಯಮ. ಭಾಮೈದ ಅಡಿಯಲ್ಲೇ ಮಲಗಿದ್ದ. ಕಂಬಣ್ಣ ಎರಡೂ ಕೈಯಲ್ಲಿ ಕೋಲು ಹಿಡಿದು, ಬಾಯಿ ತೆರೆದುಕೊಂಡು, ಮೈಕಿನತ್ತ ನೋಡುತ್ತಲೇ ಕೂತ.

ಹೆಂಡತಿಗೆ ಅಂಥ ನಿಯಮಗಳ ಕಾಟವಿರಲಿಲ್ಲ. ತನ್ನ ತುದಿಯನ್ನು ತಮ್ಮನ ಹೊಟ್ಟೆಯ ಮೇಲೆ ಇಟ್ಟು, ಸೀರೆಯ ಮರಳು ಕೊಡವಿ, ಹೋಗಿ ಮೈಕು ಎತ್ತಿಕೊಂಡಳು.

"ಹೆದರ್ಕೋಬೇಡಿ" ಎಂದಳು. "ಏನೂ ಆಗಿಲ್ಲ. ಇವನು ನನ್ನ ತಮ್ಮ. ನಾನು ಮಾತಾಡಿದ್ದನ್ನ ಕೇಳಿಲ್ಲ ಅಂದ್ನಲ್ಲ, ಮಲಗ್ಕೊಂಡು ಆರಾಮಾಗಿ ಕೇಳ್ಲಿ."

ಒಂದು ಮೇಜಿನಲ್ಲಿ ಯಾರೋ ಪಕ್ಕನೆ ನಕ್ಕರು.

"ಇಷ್ಟು ವರ್ಷ ಇವನು ದಾಟೋವಾಗ ದಿನಾ ನಾವು ಕೋಲನ್ನ ನಾಲ್ಕು ಬೆರಳು ಎತ್ತುತಾ ಇದ್ವಿ. ಇವತ್ತು ನನ್ನ ಬೆರಳಿಗೆ ಬಿಡುವಿರ್ಲಿಲ್ಲ. ಮುಂದಿನ ವಾರ ಗ್ಲಾಸು ಒರೆಸ್ಬೇಕಲ್ಲ, ಈಗಿಂದಲೇ ಉಳಿಸ್ಕೋತಿದೀನಿ."

ನಗು ಎದ್ದಿತು, ಹರಡಿತು, ದೀಪದ ಸರಗಳು ಅಲ್ಲಾಡುವಂತೆ ಹಬ್ಬಿತು. ಕಂಬಣ್ಣನೂ ಹೊಟ್ಟೆ ಹಿಡಿದುಕೊಂಡು ನಗಬೇಕೆಂದಿದ್ದ, ಕೈಗೆ ಬಿಡುವಿರಲಿಲ್ಲ.

"ಆ ಕಡೆ ಕೋಲು ಹಿಡ್ಕೊಂಡು ಖುಷಿ ಪಡ್ತಿದಾರಲ್ಲ, ಅವರು ನನ್ನ ಯಜಮಾನ್ರು" ಎಂದಳು ಅವಳು. ಕಂಬಣ್ಣನ ನಗು ಅರ್ಧದಲ್ಲಿ ಜಾರಿತು. "ಮುಂಚೆ ಈ ಮೈಕು ಅವರದೇ ಆಗಿತ್ತು. ಅವರೂ ದಿನಾ ದಾಟ್ತಾ ಇದ್ರು, ಅದೂ ಸೊಂಟದ ಎತ್ತರಕ್ಕೆ. 'ಇದು ಹುಟ್ಟಿನಿಂದ ಬಂದದ್ದು' ಅಂತಿದ್ರು. ಅವರಿಗೆ ನಾಲ್ಕು ಬೆರಳು ಸಾಕಾಗ್ತಿರ್ಲಿಲ್ಲ, ಒಂದು ಗೇಣು ಎತ್ತುತಾ ಇದ್ದೆ. ಇಷ್ಟಾಗಿಯೂ ಒಂದು ದಿನವಾದ್ರೂ, 'ನಿನಗೂ ಮಾತಾಡೋ ಆಸೆ ಇದೆಯೇನೇ' ಅಂತ ಕೇಳಿದ್ರಾ? ಇಬ್ಬರೂ ಕೇಳ್ಲಿಲ್ಲ. ಇಬ್ಬರ ಜೋಕೂ ನನಗೆ ಬಾಯಿಪಾಠ ಆಗಿದೆ. ಅದರಲ್ಲಿ ಒಂದೂ ಚೆನ್ನಾಗಿಲ್ಲ."

ಮೇಜುಗಳನ್ನು ಗುದ್ದುವ ಸದ್ದು ಪಕ್ಕದ ಬಾರಿಗೂ ಕೇಳಿಸಿ, ಅಲ್ಲಿನವರು ಗ್ಲಾಸು ಹಿಡಿದುಕೊಂಡೇ ಈ ಕಡೆ ಬಂದರು. ದಪ್ಪ ಡಾಕ್ಟರು ಎದ್ದು, "ಅಮ್ಮಾ, ನನಗೆಷ್ಟು ಎತ್ತಿದ್ರಿ?" ಎಂದು ಕೂಗಿದರು.

"ಡಾಕ್ಟರೇ, ನಿಮಗೆ ಎತ್ತಿದ್ದು ಇಷ್ಟು" ಎಂದು ಅವಳು ಕೈಯನ್ನು ತನ್ನ ತಲೆಯ ಮೇಲೆ ಎತ್ತಿ ತೋರಿಸಿದಳು. ಡಾಕ್ಟರ ಅತ್ತೆ ಕುರ್ಚಿಯಿಂದ ಜಾರುವಷ್ಟು ನಕ್ಕಳು.

ಸ್ಟ್ಯಾಂಡಿನ ಮಾತು ಅಂದೇ ಸತ್ತಿತು. ಕಬ್ಬಿಣಕ್ಕೆ ದಯೆ ಗೊತ್ತಿಲ್ಲ, ಈಗ ಜನ ಬರುವುದೇ ದಯೆಗಾಗಿ. "ನನಗೆ ಮೂರು ಬೆರಳು ಕೊಡಿ", "ನನ್ನ ಗಂಡನಿಗೆ ಏನೂ ಕೊಡಬೇಡಿ" ಎಂದು ಗ್ಲಾಸು ಹಿಡಿದುಕೊಂಡೇ ಚೌಕಾಸಿಗೆ ನಿಲ್ಲುತ್ತಾರೆ. ಅವಳು ಮೈಕು ಹಿಡಿದು ಒಬ್ಬೊಬ್ಬರ ಸೊಂಟಕ್ಕೂ ಬೆಲೆ ಕಟ್ಟಿ, ತೀರ್ಪು ಹೇಳುತ್ತಾಳೆ. ಅತ್ತೆ ಈಗ ಯಾರಾದರೂ ಕೇಳಿದರೆ, "ನನ್ನ ಮಗಳು ಮೈಕಿನಲ್ಲಿದಾಳೆ" ಎನ್ನುತ್ತಾಳೆ. ಮಗನ ವಿಷಯ ಬಂದಾಗ ಹಾಲು ನೆನಪಾಗುತ್ತದೆ.

ಕೋಲಿನ ಒಂದು ತುದಿಯಲ್ಲಿ ಕಂಬಣ್ಣ, ಇನ್ನೊಂದು ತುದಿಯಲ್ಲಿ ಭಾಮೈದ. ಮೊದಮೊದಲು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಬ್ಬ ಎತ್ತಿದರೆ ಇನ್ನೊಬ್ಬ ಎತ್ತುತ್ತಿರಲಿಲ್ಲ, ಕೋಲು ಏತದಂತೆ ಆಡುತ್ತಿತ್ತು. ದಿನ ಕಳೆದಂತೆ ಇಬ್ಬರಿಗೂ ಒಂದೇ ಕಡೆ ಗಾಯವಾಗಿದೆ ಎಂಬುದು ತಿಳಿಯಿತು. ಸಂಜೆ ಆಟಕ್ಕೆ ಮುಂಚೆ ಬಾರಿನ ಮೂಲೆಯಲ್ಲಿ ಒಂದೇ ಬಾಟಲಿ ಹಂಚಿಕೊಂಡು ಕೂರತೊಡಗಿದರು.

"ಭಾವ, ನಿನ್ನೆ ನನ್ನನ್ನ 'ಕಂಬದ ಮರಿ' ಅಂದ್ಲು."

"ನನ್ನನ್ನ 'ಹುಟ್ಟಿನಿಂದ ಬಂದದ್ದು' ಅಂದ್ಲು. ಈಗ ತರಕಾರಿಯವಳೂ ಹಾಗೇ ಕರೀತಾಳೆ."

"ಬಿಡಬಾರದು ಭಾವ."

"ಬಿಡೋ ಮಾತೇ ಇಲ್ಲ. ಒಂದು ಸಲ, ಒಂದೇ ಒಂದು ಸಲ ಅವಳು ಕೋಲಿನಡಿ ಬರಲಿ."

ಆ ಮಾತಿಗೆ ಇಬ್ಬರೂ ಗ್ಲಾಸಿಗೆ ಗ್ಲಾಸು ತಾಗಿಸಿದರು. ಭಾವ ಭಾಮೈದ ಇಷ್ಟು ಅನ್ಯೋನ್ಯವಾಗಿರುವುದನ್ನು ಆ ಬಾರಿನಲ್ಲಿ ಯಾರೂ ಕಂಡಿರಲಿಲ್ಲ.

ಒಂದು ಸಂಜೆ ಅದೂ ಕೂಡಿ ಬಂದಂತಾಯಿತು. ಆಟ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಎದ್ದು, "ಅಮ್ಮಾ, ಈಗ ನೀವು ದಾಟಿ!" ಎಂದ. ಎಲ್ಲರೂ ಚಪ್ಪಾಳೆ ಶುರು ಮಾಡಿದರು. ಡೋಲಿನವನು ಡೋಲು ಬಡಿಯುವ ಕಡ್ಡಿ ಎತ್ತಿದ. ಕಂಬಣ್ಣ ಭಾಮೈದನನ್ನು ನೋಡಿದ, ಭಾಮೈದ ಭಾವನನ್ನು ನೋಡಿದ. ಇಬ್ಬರೂ ಉಸಿರು ಬಿಗಿಹಿಡಿದು, ಯಾರೂ ಹೇಳದೆಯೇ ಕೋಲನ್ನು ಮೊಣಕಾಲಿಗೆ ಇಳಿಸಿ, ಮಂಡಿಯೂರಿ, ಕಬ್ಬಿಣವಾದರು. ಈ ಸಲ ಕಂಬಣ್ಣನ ಮಣಿಕಟ್ಟು ಕೂದಲಷ್ಟೂ ಅಲುಗಲಿಲ್ಲ.

ಅವಳು ಕೋಲಿನ ತನಕ ಬಂದಳು. ಬಗ್ಗಿ, ಮೊದಲು ಗಂಡನ ಕೈ ನೋಡಿದಳು, ಆಮೇಲೆ ತಮ್ಮನ ಕೈ ನೋಡಿದಳು. ಮೈಕು ಬಾಯಿಗೆ ಹಿಡಿದಳು.

"ನಾನಾ? ಇವರಿಬ್ಬರ ಕೈಕೆಳಗಾ?" ಎಂದಳು. "ಸ್ವಾಮಿ, ಆ ಕಡೆಯಿಂದ ಸುತ್ತಿಕೊಂಡು ಹೋಗೋಕೆ ಇಷ್ಟಗಲ ಜಾಗ ಇದೆಯಲ್ಲ!"

ಜನ ಬಿದ್ದು ಬಿದ್ದು ನಗುತ್ತಿರುವಾಗ ಅವಳು ಕೋಲಿನ ತುದಿಯನ್ನು ಬಳಸಿಕೊಂಡು, ಕಂಬಣ್ಣನ ಬೆನ್ನ ಹಿಂದಿನಿಂದ, ಸೀರೆಯ ನೆರಿಗೆ ಕೂಡ ಕದಡದಂತೆ ನಡೆದು ಬಾರಿನತ್ತ ಹೋದಳು. ಭಾವ ಭಾಮೈದ ಇಬ್ಬರೂ ಖಾಲಿ ಮರಳಿನ ಮೇಲೆ ಕೋಲು ಹಿಡಿದು ಕೂತೇ ಇದ್ದರು.

"ನಾಳೆ ಬರ್ತಾಳೆ ಬಿಡಿ ಭಾವ" ಎಂದ ಭಾಮೈದ.

"ಹೂಂ" ಎಂದ ಕಂಬಣ್ಣ. "ಕೈ ಸಡಿಲ ಬಿಡಬೇಡ."